‘ನನ್ನನ್ನೇ ಕೇಳಬಹುದಿತ್ತಲ್ಲ!’: ಲಾಲ್‌ಬಾಗ್ ಬಂಡೆಯ ಸಂದರ್ಶನ

(ವಯಸ್ಸು ಸುಮಾರು 300 ಕೋಟಿ ವರ್ಷ. ಕುಲ: ಪೆನಿನ್ಸುಲರ್ ನೈಸ್, 1916ರಲ್ಲಿ ಹಾಗೆ ನಾಮಕರಣ ಮಾಡಿದವರು ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ಸಾಹೇಬರು. ನೆತ್ತಿಯ ಮೇಲೆ ಕೆಂಪೇಗೌಡ ಗೋಪುರ.)

ಪ್ರಶ್ನೆ: ಅಜ್ಜಾ, ಊರಿನ ತಳದಲ್ಲೆಲ್ಲ ನಿಮ್ಮದೇ ಕುಲ. ಮತ್ತೆ ಕಟ್ಟಡ ಕಟ್ಟೋರಿಗೆ ಚಿಂತೆ ಯಾಕೆ?

ಬಂಡೆ: ನಾನೇನು ಚಾಪೆ ಹಾಸಿದ ಹಾಗೆ ಬಿದ್ದಿದ್ದೀನಾ? ಇಲ್ಲಿ ಬೆನ್ನು ತೋರಿಸ್ತೀನಿ, ಮುಂದಿನ ಬೀದೀಲಿ ಹತ್ತಾರು ಅಡಿ ಕೆಳಗೆ ಇಳಿದಿರ್ತೀನಿ. ನಡುವೆ ಶಿಥಿಲ ಕಲ್ಲು, ಜೇಡಿ, ಮಣ್ಣಲ್ಲಿ ಹೂತ ಗುಂಡುಕಲ್ಲುಗಳು. ಸಾಲದ್ದಕ್ಕೆ ನೀವು ಮುಚ್ಚಿದ ಕೆರೆಗಳು! ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಜಾಗ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗ.

ಪ್ರಶ್ನೆ: ಕೊರೆದು ನೋಡ್ತಾರಲ್ಲ?

ಬಂಡೆ: ಎರಡು ಕಡೆ ಕೊರೆದು ನಡುವೆ ಸ್ಕೇಲ್ ಇಟ್ಟು ಗೆರೆ ಎಳೀತಾರೆ. ಡ್ರಿಲ್ ‘ಠಣ್’ ಅಂದರೆ ಸಾಕು, ‘ಬಂಡೆ ಸಿಕ್ತು’ ಅಂತ ಸಿಹಿ ಹಂಚ್ತಾರೆ. ಸಿಕ್ಕಿದ್ದು ಗುಂಡುಕಲ್ಲು. ನಾನಿನ್ನೂ ಎಷ್ಟೋ ಕೆಳಗೆ.

ಪ್ರಶ್ನೆ: ಮತ್ತೆ ಕೊರೆಯದೇ ನೆಲದ ಒಳಗನ್ನ ತಿಳಿಯೋ ಭೂಭೌತ ಸಮೀಕ್ಷೆಯವರು ಏನು ಮಾಡ್ತಾರೆ?

ಬಂಡೆ: ಕಬ್ಬಿಣದ ತಟ್ಟೆ ಇಟ್ಟು ಸುತ್ತಿಗೆಯಲ್ಲಿ ಬಡೀತಾರೆ. ಸಾಲಾಗಿ ನೆಟ್ಟ ಜಿಯೋಫೋನುಗಳು ಆಲಿಸ್ತವೆ. ಸಡಿಲ ಮಣ್ಣಲ್ಲಿ ಕಂಪನ ಸೆಕೆಂಡಿಗೆ ಕೆಲವು ನೂರು ಮೀಟರ್ ಹೋದರೆ, ನನ್ನ ಗಟ್ಟಿ ಮೈಯಲ್ಲಿ 4,000 ದಾಟುತ್ತೆ. ಇನ್ನು ಕೆಲವರು ನಾಲ್ಕು ಸರಳು ನೆಟ್ಟು ಕರೆಂಟ್ ಬಿಡ್ತಾರೆ. ಒದ್ದೆ ಜೇಡೀಲಿ ಅದು ಸಲೀಸು, ನನ್ನ ಹತ್ತಿರ ಮಾತ್ರ ತಡವರಿಸುತ್ತೆ.

ಪ್ರಶ್ನೆ: ಹಾಗಾದ್ರೆ ಎಲ್ಲಾ ತಿಳಿದ ಹಾಗೇ!

ಬಂಡೆ: ಎಲ್ಲಿ ಬಂತು? ಗಟ್ಟಿ ಪದರದ ಅಡಿ ಮೆತ್ತನೆಯದು ಅಡಗಿದ್ದರೆ ಸುತ್ತಿಗೆಯ ಲೆಕ್ಕ ತಪ್ಪುತ್ತೆ. ಸಮೀಕ್ಷೆ ಅನುಮಾನದ ಜಾಗ ತೋರಿಸಬೇಕು, ಅಲ್ಲೇ ಕೊರೀಬೇಕು. ನಿಮ್ಮೋರು ಕೊರೆಯೋದು ಎಲ್ಲಿ ಗೊತ್ತಾ? ಲಾರಿ ನಿಲ್ಲೋಕೆ ಜಾಗ ಇರೋ ಕಡೆ.

ಪ್ರಶ್ನೆ: ಸಮೀಕ್ಷೆ ದುಬಾರಿ ಅಂತಾರಪ್ಪ.

ಬಂಡೆ: ವಾಸ್ತುವಿನವರಿಗೆ ಕೊಟ್ಟಾಯ್ತು. ಅಂಗೈಲಿ ತೆಂಗಿನಕಾಯಿ ಹಿಡಿದು ನೀರು ತೋರಿಸಿದವರಿಗೆ ಕೊಟ್ಟಾಯ್ತು. ಭೂಮಿಪೂಜೆಗೆ ಶಾಮಿಯಾನ, ಶಾಸಕರಿಗೆ ಹಾರ. ಭೂಮಿಯನ್ನ ವಿಚಾರಿಸೋ ಹೊತ್ತಿಗೆ ದುಡ್ಡು ಖಾಲಿ! ಗೋಡೆ ಬಿರುಕು ಬಿಟ್ಟ ಮೇಲೆ ಮೀಟರು, ತಂತಿ ಹೊತ್ತು ಓಡಿ ಬರ್ತಾರೆ. ಆಗ ಬಿಲ್ ನೋಡಿ ಯಾರೂ ದುಬಾರಿ ಅನ್ನಲ್ಲ.

ಪ್ರಶ್ನೆ: ಓದುಗರಿಗೆ ಏನಾದ್ರೂ?

ಬಂಡೆ: ನಿಮ್ಮ ಬೀದಿಗೆ ಸುತ್ತಿಗೆಯವರು ಬಂದರೆ, ಅವರ ಕೆಲಸ ಮುಗಿಯೋ ತನಕ ನೀರಿನ ಟ್ಯಾಂಕರನ್ನ ದೂರ ನಿಲ್ಲಿಸ್ರಪ್ಪಾ. ಅದರ ಗಡಗಡ ಸದ್ದಲ್ಲಿ ಜಿಯೋಫೋನಿಗೆ ನಾನು ಹೇಳೋದು ಕೇಳಿಸಲ್ಲ.