ಮಿಲಿಮೀಟರ್ ಕಾಕಾ

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆ ಕಬ್ಬಿಣದಲ್ಲಿ ಶುರುವಾಗಿ ಕಟ್ಟಿಗೆಯಲ್ಲಿ ಮುಗಿಯುತ್ತದೆ. ಈ ತುದಿಯಲ್ಲಿ ಉದ್ಯಮಬಾಗದ ಎರಕದ ಭಟ್ಟಿಗಳು, ಲೇಥುಗಳು, ಹೈಡ್ರಾಲಿಕ್ ಕಾರ್ಖಾನೆಗಳು. ಆ ತುದಿಯಲ್ಲಿ ಖಾನಾಪುರ, ಲೋಂಡಾ, ಭೀಮಗಡದ ಕಾಡು, ಸಾಗವಾನಿ, ಮತ್ತಿ, ನಂದಿ. ನಡುವೆ ಪೀರನವಾಡಿ, ವಿಟಿಯು ವಿಶ್ವವಿದ್ಯಾಲಯ ಇರುವ ಮಚ್ಛೆ, ಅದನ್ನು ದಾಟಿದರೆ ದೇಸೂರ. ಕಬ್ಬಿಣದ ಬುದ್ಧಿಯಿಂದ ಕಟ್ಟಿಗೆಯನ್ನು ಆಳಲು ಹೊರಟ ಒಂದು ತಳಿಯ ಮನುಷ್ಯ ಈ ನಡುವಿನ ಪಟ್ಟಿಯಲ್ಲಿ ಬೆಳೆಯದೆ ಇನ್ನೆಲ್ಲಿ ಬೆಳೆದಾನು? ಆಯುಷ್ಯವೆಲ್ಲ ಮಶಿನ್ ಶಾಪಿನಲ್ಲಿ ಮೈಕ್ರೋಮೀಟರ್ ತಿರುವಿ ನಿವೃತ್ತರಾದವರು, ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿದವರು, ಕಾರಿಗೆಂದು ಬಿಟ್ಟ ಜಾಗದಲ್ಲಿ ಬಡಗಿತನದ ವರ್ಕ್‌ಶಾಪ್ ಹೂಡಿದವರು. ಇಂಥವರು ಓಣಿಗೊಬ್ಬರಿದ್ದಾರೆ, ಎಲ್ಲರನ್ನೂ ಸೇರಿಸಿ ಮಿಲಿಮೀಟರ್ ಕಾಕಾ ಎಂದು ಕರೆದರೆ ಯಾರಿಗೂ ಅನ್ಯಾಯವಾಗದು. ಇವರ ಕಾರು ವರ್ಷವಿಡೀ ಬಿಸಿಲು ಮಳೆಯಲ್ಲಿ ನಿಂತಿರುತ್ತದೆ. ಒಳಗೆ ನೆರಳಲ್ಲಿ ಅಲ್ಯೂಮಿನಿಯಂ ಗೈಡ್ ರೇಲು ಮೆತ್ತನೆಯ ಬಟ್ಟೆ ಹೊದ್ದು ಮಲಗಿರುತ್ತದೆ.

ಕಾಕಾ ಅವರನ್ನು ಗುರುತಿಸುವುದು ಸುಲಭ. ಬಡಿಗೇರರ ಕಿವಿಯ ಮೇಲೆ ಮೋಟು ಪೆನ್ಸಿಲ್ ಇದ್ದರೆ ಇವರ ಜೇಬಿನಲ್ಲಿ 0.3 ಮಿಲಿಮೀಟರ್ ಸೀಸದ ಪೆನ್ಸಿಲ್. ಗೆರೆ ಎಳೆಯುವುದು ಇವರಿಗೆ ಅರ್ಧ ದಿನದ ಕೆಲಸ. ಎಳೆದ ಗೆರೆಯ ಯಾವ ಮಗ್ಗುಲಿಗೆ ಕೊಯ್ಯಬೇಕೆಂಬುದು ಉಳಿದರ್ಧ ದಿನದ ಚಿಂತೆ. ಅಡುಗೆಮನೆಗೆ ಒಂದು ಮಣೆ ಬೇಕೆಂದು ಹೆಂಡತಿ ಕಾಕೂ ಕೇಳಿದರೆ ಮರದ ಬಗ್ಗೆ ಮಾತಿಲ್ಲ, ನೇರ ಪ್ರಶ್ನೆ: ಟಾಲರೆನ್ಸ್ ಎಷ್ಟು, ಅಂದರೆ ಅಳತೆ ಎಷ್ಟು ಹೆಚ್ಚುಕಡಿಮೆಯಾದರೆ ನಡೆದೀತು? "ಕುಂತರ ಮುರೀಬಾರ್ದು, ಅಷ್ಟ ಟಾಲರೆನ್ಸ್" ಎಂಬ ಉತ್ತರ ತಾಂತ್ರಿಕವಾಗಿ ಪರಿಪೂರ್ಣವಾದದ್ದು. ಕಾಕಾ ಅದನ್ನು ಅಂಕಿಯಲ್ಲಿ ಬರೆದುಕೊಳ್ಳಲಾಗದೆ ತಿರಸ್ಕರಿಸುತ್ತಾರೆ. ಮಣೆ ಅಂಗಡಿಯಿಂದ ಬರುತ್ತದೆ. ಅದು ಮನೆಗೆ ಬಂದ ಮೇಲೆ ಅದರ ನಾಲ್ಕೂ ಕಾಲಿನ ಎತ್ತರ ಅಳೆದು, ಮೂರನೆಯದು ಎಷ್ಟು ಗಿಡ್ಡ ಎಂದು ಬಂದವರಿಗೆಲ್ಲ ತಿಳಿಸುವ ಹೊಣೆಯನ್ನು ಕಾಕಾ ತಪ್ಪಿಸುವುದಿಲ್ಲ.

ಓಣಿ ನಗುವುದು ಗೈಡ್ ರೇಲು, ಬೆಂಚ್ ಡಾಗುಗಳಂಥ ಈ ಸಾಮಾನುಗಳನ್ನು ಕಂಡು. ಬಾಳೆಲೆಯಷ್ಟಗಲದ ಹಲಗೆ ಕೊಯ್ಯಲು ಇಷ್ಟೊಂದು ಸರಂಜಾಮೇಕೆ ಎಂಬುದು ಅದರ ವಾದ. ಓಣಿ ಇಲ್ಲಿ ತಪ್ಪಿದೆ. ಸಾಮಾನಿನಲ್ಲಿ ನಗುವಂಥದ್ದೇನೂ ಇಲ್ಲ. ಅದನ್ನು ಮಾಡಿದ್ದೇ ಯಾಕೆ ಎಂಬುದನ್ನು ಕಾಕಾ ತಲೆಕೆಳಗು ಮಾಡಿಕೊಂಡದ್ದರಲ್ಲಿ ನಗು ಇದೆ. ಗೈಡ್ ರೇಲನ್ನೇ ತೆಗೆದುಕೊಳ್ಳಿ. ದೇಸೂರ ಸ್ಟೇಷನ್ನಿನಲ್ಲಿ ನಿಂತು ಲೋಂಡಾ ಕಡೆಯ ಗಾಡಿ ನೋಡಿದವರಿಗೆ ಇದರ ಗುಟ್ಟು ಹೇಳಬೇಕಿಲ್ಲ: ಎಂಜಿನ್ ಡ್ರೈವರನ ಕೈಯಲ್ಲಿ ಸ್ಟೀರಿಂಗ್ ಇರುವುದಿಲ್ಲ. ದಿಕ್ಕಿನ ಚಿಂತೆಯನ್ನು ಹಳಿ ಹೊತ್ತುಕೊಂಡಿದೆ. ಅವನು ವೇಗ, ಸಿಗ್ನಲ್ ನೋಡಿಕೊಂಡರಾಯಿತು. ಜರ್ಮನಿಯ ಫೆಸ್ಟೋ ಕಂಪನಿ 1960ರ ದಶಕದಲ್ಲಿ ಕೈಯಲ್ಲಿ ಹಿಡಿದು ಓಡಿಸುವ ಗರಗಸದ ಯಂತ್ರಕ್ಕೆ ಹಳಿ ಕೊಟ್ಟದ್ದೂ ಇದಕ್ಕೇ. ಹಳಿಯ ಅಂಚಿಗೆ ರಬ್ಬರಿನಂಥ ಒಂದು ಪಟ್ಟಿ ಇರುತ್ತದೆ. ಮೊದಲ ಸಲ ಓಡಿಸಿದಾಗ ಗರಗಸ ಆ ಪಟ್ಟಿಯನ್ನೇ ತನ್ನ ಅಳತೆಗೆ ಕತ್ತರಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಪಟ್ಟಿಯ ಅಂಚು ಎಲ್ಲಿ ಕೂತಿದೆಯೋ ಕೊಯ್ತ ಅಲ್ಲೇ ಬೀಳುತ್ತದೆ. ಬ್ಲೇಡಿನಿಂದ ಅಡಿಪಟ್ಟಿಗೆ ಎಷ್ಟು ದೂರ, ಅದನ್ನು ಎಷ್ಟರಿಂದ ಕಳೆಯಬೇಕು ಎಂಬ ಲೆಕ್ಕವೇ ಬೇಡ. ಎರಡು ಗುರುತು ಹಾಕಿ, ಅಂಚು ಕೂಡಿಸಿ, ತಳ್ಳಿದರೆ ಮುಗಿಯಿತು. ಪ್ಲೈವುಡ್ಡಿನ ಮೇಲುಪದರ ಸೀಳದಂತೆ ಅದೇ ಪಟ್ಟಿ ಒತ್ತಿಯೂ ಹಿಡಿಯುತ್ತದೆ.

ಬೆಂಚ್ ಡಾಗ್ ಇನ್ನೂ ಸರಳ. ಬೆಂಚಿನ ತೂತಿನಲ್ಲಿ ಕೂರುವ ಗಿಡ್ಡ ಗೂಟ, ಅಷ್ಟೇ. ಹಲಗೆ ಜಾರದಂತೆ ತಡೆಯುವುದು ಅದರ ಹಳೆಯ ಕಸುಬು. 1505ರ ನ್ಯೂರಂಬರ್ಗಿನ ಲೊಫೆಲ್‌ಹೋಲ್ಜ್ ಹಸ್ತಪ್ರತಿಯ ಬೆಂಚಿನ ಚಿತ್ರದಲ್ಲೇ ಇಂಥ ಗೂಟಗಳಿವೆ. ಈಗಿನವರು ಅದಕ್ಕೆ ಎರಡನೆಯ ಕಸುಬು ಕಲಿಸಿದ್ದಾರೆ. 20 ಮಿಲಿಮೀಟರ್ ವ್ಯಾಸದ ತೂತುಗಳನ್ನು ನಡುವಿನಿಂದ ನಡುವಿಗೆ 96 ಮಿಲಿಮೀಟರ್ ಅಂತರದಲ್ಲಿ ಯಂತ್ರದಿಂದ ಚೌಕುಳಿಯಾಗಿ ಕೊರೆದರೆ ಬೆಂಚಿನ ಮೇಲ್ಮೈ ತಾನೇ ಒಂದು ದೊಡ್ಡ ಮೂಲೆಮಟ್ಟವಾಗುತ್ತದೆ. ಅಡ್ಡ ಸಾಲಿನ ಎರಡು ಗೂಟಕ್ಕೆ ಹಲಗೆ ಒತ್ತಿ, ಉದ್ದ ಸಾಲಿನ ಎರಡು ಗೂಟಕ್ಕೆ ಹಳಿ ಒತ್ತಿದರೆ ಲಂಬಕೋನ ಸಿದ್ಧ. ಇನ್ನೊಂದು ಗೂಟವನ್ನು ತಡೆಯಾಗಿ ನಿಲ್ಲಿಸಿದರೆ ಹತ್ತು ಹಲಗೆ ಕೊಯ್ದರೂ ಹತ್ತೂ ಒಂದೇ ಉದ್ದ. ಟೇಪು ಬೇಡ, ಗೆರೆ ಬೇಡ, ಚಾಳೀಸೂ ಬೇಡ. ಅಂದರೆ ಹಳಿಯೂ ಗೂಟವೂ ಸೇರಿ ಮಾಡುವ ಉಪಕಾರ ಒಂದೇ: ಮನುಷ್ಯನನ್ನು ಅಳತೆಯಿಂದ ಬಿಡುಗಡೆ ಮಾಡುವುದು. ಅಳೆಯುವ ಕೆಲಸ ತಪ್ಪಿಸಲು ಹುಟ್ಟಿದ ಸಾಮಾನನ್ನು ಅಳೆಯದೆ ಬದುಕಲಾರದ ಮನುಷ್ಯ ಕೊಂಡದ್ದೇ ಈ ಕಥೆಯ ಹಾಸ್ಯ. ಕಾಕಾ ಗೂಟ ಹಾಕಿ, ಹಳಿ ಇಟ್ಟು, ಅದು ನೇರವಿದೆಯೇ ಎಂದು ಮೂಲೆಮಟ್ಟ ಹಿಡಿಯುತ್ತಾರೆ. ಆ ಮೂಲೆಮಟ್ಟ ಸರಿಯಿದೆಯೇ ಎಂದು ಇನ್ನೊಂದನ್ನು ತರಿಸುತ್ತಾರೆ. ಎರಡಕ್ಕೂ ಜಗಳ ಬಿದ್ದಾಗ ನ್ಯಾಯ ಹೇಳಲು ಮೂರನೆಯದು ಬರುತ್ತದೆ.

ಪರೀಕ್ಷೆಗೂ ಒಂದು ಶಾಸ್ತ್ರೀಯ ವಿಧಾನ ಉಂಟು, ಐದು ಕೊಯ್ತದ್ದು. ಒಂದು ತುಂಡು ಹಲಗೆಯ ನಾಲ್ಕೂ ಬದಿಯನ್ನು, ಈಗ ಕೊಯ್ದ ಬದಿಯನ್ನೇ ಗೂಟಕ್ಕೆ ಒತ್ತುತ್ತ, ಒಂದಾದ ಮೇಲೊಂದು ಕೊಯ್ಯಬೇಕು. ಐದನೆಯ ಸಲ ಮೊದಲಿನ ಬದಿಯಿಂದಲೇ ಒಂದು ಪಟ್ಟಿ ತೆಗೆದರೆ ಮೂಲೆಯ ತಪ್ಪು ನಾಲ್ಕು ಪಟ್ಟಾಗಿ ಅದರಲ್ಲಿ ಕಾಣುತ್ತದೆ. 400 ಮಿಲಿಮೀಟರ್ ಉದ್ದದ ಪಟ್ಟಿಯ ಎರಡು ತುದಿಯ ಅಗಲದಲ್ಲಿ 0.4 ಮಿಲಿಮೀಟರ್ ವ್ಯತ್ಯಾಸ ಬಂದರೆ ನಿಜವಾದ ತಪ್ಪು 0.1 ಮಾತ್ರ. ವಿಧಾನ ಚೆಲುವಾದದ್ದು, ಒಮ್ಮೆ ಮಾಡಿ, ಗೂಟ ಸರಿಪಡಿಸಿ, ಮರೆತುಬಿಡುವವರಿಗೆ ವರದಾನ. ಕಾಕಾಗೆ ಮಾತ್ರ ಇದು ಚಟ. ಪ್ರತಿ ಪರೀಕ್ಷೆಯೂ ಹಲಗೆಯಿಂದ ಐದು ಪಟ್ಟಿ ತಿನ್ನುತ್ತದೆ. ಗಣಪತಿ ಮಂಟಪಕ್ಕೆಂದು ತಂದ ಹಲಗೆ ಮೊದಲ ಭಾನುವಾರ ದೇವರ ಪೀಠದಷ್ಟಾಗುತ್ತದೆ, ಮರುವಾರ ಫೋಟೋ ಕಟ್ಟಿನಷ್ಟು, ಅದರಾಚೆ ಚಹಾದ ಕಪ್ಪಿನಡಿ ಇಡುವಷ್ಟು. ಆಗ ಅದರ ನಾಲ್ಕೂ ಮೂಲೆ ಅಪ್ಪಟ ಲಂಬಕೋನವಾಗಿರುತ್ತವೆ. ಗಣಪತಿ ಆ ವರ್ಷವೂ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಜರತಾರಿ ಬಟ್ಟೆ ಹಾಸಿಕೊಂಡು ಕೂರುತ್ತಾನೆ.

ಇಲ್ಲಿ ಹಳೇ ಕಾಲದ ಅಭಿಮಾನಿಗಳು ಎದ್ದು ನಿಲ್ಲುತ್ತಾರೆ: ನಮ್ಮ ಬಡಿಗೇರರು ಹಳಿ ಗೂಟ ಯಾವುದೂ ಇಲ್ಲದೆ ವಾಡೆಗಳ ಬಾಗಿಲು ನಿಲ್ಲಿಸಲಿಲ್ಲವೇ, ಕಣ್ಣಳತೆಯೇ ಸಾಕಿತ್ತಲ್ಲವೇ? ಈ ಮಾತು ಬಡಿಗೇರರಿಗೆ ಹೊಗಳಿಕೆಯಂತೆ ಕೇಳಿಸಿದರೂ ಅವರ ಬುದ್ಧಿಗೆ ಮಾಡಿದ ಅವಮಾನ. ಅವರಿಗೆ ಎಲ್ಲವೂ ಇತ್ತು. ನೆಲದ ಮೇಲೆ ಕೂತು ಹಲಗೆಯನ್ನು ಹೆಬ್ಬೆರಳಿಂದ, ಹಿಮ್ಮಡಿಯಿಂದ ಅದುಮಿ ಹಿಡಿದ ಪಾದವೇ ಗೂಟ. ಮರದ ದಿಮ್ಮಿಗೆ ಬಡಿದ ಮೊಳೆ ತಡೆ. ಸಡಿಲವಾದಾಗ ಬಿಗಿಯಲು ಬೆಣೆ. ಗರಗಸ ದಾರಿ ತಪ್ಪದಂತೆ ಹಲಗೆಯ ಮೇಲೆ ಬಿಗಿದ ನೇರ ಪಟ್ಟಿಯೇ ಹಳಿ. ಬಾಗಿಲಿನ ಎರಡು ನಿಲುವುಗಳನ್ನು ಜೋಡಿಸಿಟ್ಟು ಒಂದೇ ಗೆರೆ ಎಳೆಯುತ್ತಿದ್ದರು; ಒಂದಕ್ಕೊಂದು ಸಮವಾದರೆ ಸಾಕು, ಅದು ಎಷ್ಟೆಂಬುದು ಯಾರಿಗೆ ಬೇಕು? ಅಳತೆ ಬೇಕಾದಲ್ಲಿ ಕೋಲಿನ ಮೇಲೆ ಗುರುತು ಮಾಡಿ ಆ ಕೋಲನ್ನೇ ಒಯ್ಯುತ್ತಿದ್ದರು. ಅವರ ಬಾಯಲ್ಲಿ ಬರುವ ಅತಿ ಸಣ್ಣ ಅಳತೆ ಅರ್ಧ ಸೂತ, ಅಂದರೆ ಅಂಗುಲದ ಹದಿನಾರನೇ ಒಂದು ಪಾಲು, ಸುಮಾರು 1.6 ಮಿಲಿಮೀಟರ್. ಅದಕ್ಕಿಂತ ಸೂಕ್ಷ್ಮವಾದದ್ದನ್ನು ಅವರು ಅಂಕಿಗೆ ಬಿಡದೆ ಉಳಿಗೆ ಬಿಟ್ಟರು: ತುಂಡನ್ನು ಅದರ ಜಾಗದಲ್ಲೇ ಇಟ್ಟು ನೋಡಿ, ಹತ್ತುವಷ್ಟು ಕೆತ್ತಿದರು. ಹಾಗಾಗಿ ಹಳಿ–ಗೂಟದ ಬೆಂಚಿಗೆ ನಿಜವಾದ ವಾರಸುದಾರರು ಬಡಿಗೇರರೇ. ಕಾಕಾ ಸಾಮಾನಿನ ಬಿಲ್ಲು ಕಟ್ಟಿದವರು, ಅಷ್ಟೇ.

ಕಾಕಾ ಸುಮ್ಮನಿರುವವರಲ್ಲ. ಕಾರ್ಖಾನೆಯಲ್ಲಿ 0.01 ಮಿಲಿಮೀಟರ್ ಹಿಡಿದ ಕೈಗೆ ಅರ್ಧ ಸೂತದ ಉಡಾಫೆ ಹೇಗೆ ಒಗ್ಗೀತು ಎಂದು ಕೇಳುತ್ತಾರೆ. ಕೇಳುವ ಹಕ್ಕು ಅವರಿಗಿದೆ. ಉತ್ತರ ಮಾತ್ರ ಕಬ್ಬಿಣದಲ್ಲಿಲ್ಲ, ಮಳೆಯಲ್ಲಿದೆ. 300 ಮಿಲಿಮೀಟರಿನ ಉಕ್ಕಿನ ಪಟ್ಟಿ 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ 0.04 ಮಿಲಿಮೀಟರಿನಷ್ಟೂ ಬೆಳೆಯುವುದಿಲ್ಲ. ಅಷ್ಟೇ ಅಗಲದ ಸಾಗವಾನಿ ಹಲಗೆಯನ್ನು ಬೇಸಿಗೆಯ ಒಣ ಹವೆಯಲ್ಲಿ ಕೊಯ್ದಿಟ್ಟು, ಕಣಕುಂಬಿ ಕಡೆಯಿಂದ ಮೋಡ ನುಗ್ಗಿ ವಾರಗಟ್ಟಲೆ ಬಟ್ಟೆ ಒಣಗದ ಶ್ರಾವಣದಲ್ಲಿ ನೋಡಿ. ಒಳಗಿನ ತೇವಾಂಶ ಶೇಕಡಾ 9ರಿಂದ 14ಕ್ಕೆ ಏರಿದರೆ, ದಿಮ್ಮಿಯ ಹೊರಮೈಗೆ ಸಮಾನಾಂತರವಾಗಿ ಸೀಳಿದ ಹಲಗೆ ಅಗಲದಲ್ಲಿ 2.8 ಮಿಲಿಮೀಟರ್ ಉಬ್ಬುತ್ತದೆ. ತಿರುಳಿನಿಂದ ಹೊರಕ್ಕೆ ಸೀಳಿದ್ದಾದರೆ ಹೆಚ್ಚೂಕಡಿಮೆ ಅದರರ್ಧ. ಉದ್ದದಲ್ಲಿ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ. ಮರಗಳಲ್ಲಿ ಸಾಧುವೆಂದು ಹೆಸರಾದ ಸಾಗವಾನಿಯ ನಡತೆಯೇ ಇದು. ಉಳಿದವುಗಳ ಮಾತೇ ಬೇಡ. ಹೀಗಿರುವಾಗ ಬೇಸಿಗೆಯಲ್ಲಿ 300.00 ಎಂದು ಕೊಯ್ದ ಹಲಗೆಯ ಆ ಎರಡು ಸೊನ್ನೆಗಳು ಕೊಯ್ದ ಹೊತ್ತಿಗೆ ಮಾತ್ರ ನಿಜ. ಹಳೆಯ ಬಾಗಿಲುಗಳಲ್ಲಿ ಚೌಕಟ್ಟಿನ ಗಾಡಿಯೊಳಗೆ, ಅಂದರೆ ಅದರಲ್ಲಿ ಕೊರೆದ ತೋಡಿನೊಳಗೆ, ಹಲಗೆಯನ್ನು ಅಂಟಿಸದೆ, ಮೊಳೆ ಹೊಡೆಯದೆ, ಸಡಿಲ ಬಿಟ್ಟು ಕೂರಿಸಿದ್ದು ಸೋಮಾರಿತನದಿಂದಲ್ಲ. ಮಳೆಗಾಲಕ್ಕೆಂದು ಅಲ್ಲಿ ಜಾಗ ಕಾಯ್ದಿಟ್ಟಿದ್ದರು. ಆ ಸಡಿಲೇ ಕಟ್ಟಿಗೆಯ ಟಾಲರೆನ್ಸ್; ಉದ್ಯಮಬಾಗದ ಡ್ರಾಯಿಂಗಿನಲ್ಲಿ ಅದಕ್ಕೆ ಕಾಲಂ ಇರುವುದಿಲ್ಲ.

ಆದರೆ ಈಗ ಸಾಗವಾನಿ ಯಾರು ಬಳಸುತ್ತಾರೆ, ಎಲ್ಲ ಪ್ಲೈವುಡ್ ತಾನೇ ಎಂದರೆ ವಾದ ಗಟ್ಟಿಯಾದದ್ದೇ, ಒಪ್ಪಬೇಕು. ಪದರಗಳನ್ನು ಅಡ್ಡಡ್ಡ ಅಂಟಿಸಿದ ಪ್ಲೈವುಡ್ ಮಳೆಗೆ ಅಷ್ಟಾಗಿ ಹಿಗ್ಗುವುದಿಲ್ಲ. ಅದರ ಜೊತೆಗೆ ಬರುವ ಲೋಹದ ಸಾಮಾನುಗಳು ಕ್ಷಮಿಸುವುದೂ ಇಲ್ಲ. ಡ್ರಾಯರಿನ ಬಾಲ್ ಬೇರಿಂಗ್ ಚಾನೆಲ್ಲಿಗೆ ಪಕ್ಕಕ್ಕೆ 12.7 ಮಿಲಿಮೀಟರ್ ಜಾಗ ಬಿಡಬೇಕು. ಎರಡು ಮಿಲಿಮೀಟರ್ ಹೆಚ್ಚು ಬಿಟ್ಟರೆ ಡ್ರಾಯರು ಒದ್ದಾಡುತ್ತದೆ, ಕಡಿಮೆ ಬಿಟ್ಟರೆ ಒಳಗೇ ಹೋಗುವುದಿಲ್ಲ. 2440ಕ್ಕೆ 1220 ಮಿಲಿಮೀಟರಿನ ಇಡೀ ಹಾಳೆಯನ್ನು ನಿಂತ ಯಂತ್ರದ ಮೇಲೆ ಒಬ್ಬರೇ ತಳ್ಳುವುದಕ್ಕಿಂತ, ಹಾಳೆಯನ್ನು ಅಲುಗದಂತೆ ಮಲಗಿಸಿ ಅದರ ಮೇಲೆ ಹಳಿ ಹಾಯಿಸುವುದು ಎಷ್ಟೋ ಸುಲಭ. ಬೆರಳುಗಳೂ ಹತ್ತಕ್ಕೆ ಹತ್ತು ಉಳಿಯುತ್ತವೆ. ಇಲ್ಲಿ ಕಾಕಾ ಹೇಳುವುದೇ ಸರಿ, ನಗುವವರು ಸುಮ್ಮನಿರಬೇಕು. ಹಾಗಿದ್ದೂ ಇಲ್ಲೂ ಅಂಕಿ ಪೂರ್ತಿ ಗೆಲ್ಲುವುದಿಲ್ಲ. 18 ಮಿಲಿಮೀಟರ್ ಎಂದು ಅಚ್ಚು ಹೊಡೆದ ಪ್ಲೈವುಡ್ ನಿಜಕ್ಕೂ 18 ಇರುವುದು ಅಪರೂಪ. ಒಂದೇ ಹಾಳೆಯ ಎರಡು ಮೂಲೆಗೂ ದಪ್ಪ ಹೊಂದುವುದಿಲ್ಲ. ನಾಲ್ಕು ಸಮಪಾಲು ಮಾಡಬೇಕೆಂದು 2440ನ್ನು ನಾಲ್ಕರಿಂದ ಭಾಗಿಸಿ 610 ಎಂದು ಬರೆದುಕೊಂಡವರ ಕೊನೆಯ ತುಂಡು, ಮೂರು ಕೊಯ್ತದಲ್ಲಿ 2.2 ಮಿಲಿಮೀಟರಿನ ಬ್ಲೇಡ್ ತಿಂದ 6.6 ಮಿಲಿಮೀಟರನ್ನು ಕಳೆದುಕೊಂಡೇ ಕೈಗೆ ಬರುತ್ತದೆ. ಪ್ಲೈವುಡ್ಡಿನಲ್ಲೂ ಗೆಲ್ಲುವವರು ಕಾಗದದ ಅಂಕಿ ನಂಬಿದವರಲ್ಲ. ಕೈಯಲ್ಲಿರುವ ತುಂಡನ್ನೇ ಗೂಟಕ್ಕೆ ಒತ್ತಿ ಅದರ ಜೋಡಿಯನ್ನು ಕೊಯ್ದವರು.

ಕೊನೆಯ ಆಕ್ಷೇಪ ಕರುಣೆಯದು. ನಿವೃತ್ತ ಮನುಷ್ಯ, ಸ್ವಂತ ದುಡ್ಡು, ಬೇರೆ ದುರಭ್ಯಾಸವಿಲ್ಲ. ಗೂಟದ ಜೊತೆ ಭಾನುವಾರ ಕಳೆದರೆ ಯಾರ ಗಂಟೇನು ಹೋಯಿತು? ಕಾಕಾ ಒಬ್ಬರೇ ಇದ್ದಾಗ ಏನೂ ಹೋಗುವುದಿಲ್ಲ, ನಿಜ. ಪಕ್ಕದ ಮನೆಗೆ ಅಡುಗೆಮನೆಯ ಕಪಾಟು ಮಾಡಲು ಬಡಿಗೇರರು ಬಂದ ದಿನ ತೊಂದರೆ ಶುರು. ಕಾಕಾ ವರ್ನಿಯರ್ ಹಿಡಿದು ಕಂಪೌಂಡ್ ಗೋಡೆಯ ಮೇಲಿಂದಲೇ ಮೇಲ್ವಿಚಾರಣೆಗೆ ನಿಲ್ಲುತ್ತಾರೆ. ಕೂಲಿಗೆ ಬಂದವರ ದಿನ ಅರ್ಧ ಸೂತದ ಮೇಲಿನ ಭಾಷಣದಲ್ಲಿ ಕಳೆಯುತ್ತದೆ. ಯಜಮಾನರಿಗೆ ಇಲ್ಲದ ಅನುಮಾನ ಹುಟ್ಟುತ್ತದೆ. ಚೆನ್ನಾಗಿ ಹೊಂದಿ ಕೂತ ಬಾಗಿಲನ್ನು ಬಿಚ್ಚಿಸಿ ಮತ್ತೆ ಕೂರಿಸುತ್ತಾರೆ. ಎರಡನೆಯ ಸಲ ಸ್ಕ್ರೂ ಸಡಿಲವಾಗುತ್ತದೆ. ಮಾಡಿ ಮುಗಿಸಿದ ಕೆಲಸಕ್ಕಿಂತ ಮಾಡದೆ ಬಿಟ್ಟ ಕೆಲಸಕ್ಕೆ ಹೆಚ್ಚು ಅಂಕ ಸಿಗುವ ಪರೀಕ್ಷೆಯನ್ನು ಕಾಕಾ ನಡೆಸುತ್ತಿದ್ದಾರೆ, ಅದರಲ್ಲಿ ಪ್ರತಿವರ್ಷ ಅವರೇ ಮೊದಲಿಗರು. ಏಕೆಂದರೆ ಕೊಯ್ಯದ ಹಲಗೆಯಲ್ಲಿ ತಪ್ಪು ಹುಡುಕಲು ಯಾವ ಮೂಲೆಮಟ್ಟದಿಂದಲೂ ಆಗುವುದಿಲ್ಲ.

ಆದ್ದರಿಂದ ಓಣಿ ಕಾಕಾ ಅವರ ಸಾಮಾನಿಗೆ ನಗುವುದನ್ನು ಬಿಟ್ಟು, ಅವನ್ನು ಎರವಲು ಕೇಳಬೇಕು. ಬಡಿಗೇರರು ಆ ಬೆಂಚಿನ ಮುಂದೆ ಒಂದು ಮುಂಜಾನೆ ನಿಂತರೆ ಮಧ್ಯಾಹ್ನದೊಳಗೆ ಮಂಟಪದ ತುಂಡುಗಳೆಲ್ಲ ಕೊಯ್ದು ಬಿದ್ದಿರುತ್ತವೆ. ಅಷ್ಟು ಹೊತ್ತು ಟೇಪನ್ನು ಕಾಕೂ ತಮ್ಮ ಸೆರಗಿನ ಗಂಟಿನಲ್ಲಿ ಇಟ್ಟುಕೊಂಡರೆ ಸಾಕು. ಈ ಸಲಹೆಯನ್ನು ಕಾಕಾ ಒಪ್ಪುವುದಿಲ್ಲ ಎಂಬುದು ಗೊತ್ತಿದ್ದದ್ದೇ. ಈ ಬರಹ ಅವರ ಕೈಗೆ ಸಿಕ್ಕರೆ ಪೆನ್ಸಿಲ್ ತೆಗೆದು, ಸಾಗವಾನಿ ಉಬ್ಬುವ ಲೆಕ್ಕ 2.8 ಅಲ್ಲ, 2.79 ಎಂದು ಅಂಚಿನಲ್ಲಿ ತಿದ್ದುತ್ತಾರೆ. ತಿದ್ದಲಿ, ಅವರ ಲೆಕ್ಕವೇ ಸರಿ. ಆ 2.79ನ್ನು ಒಂದು ಬಾಗಿಲಿನ ಗಾಡಿಯಲ್ಲಿ ಬಿಟ್ಟು, ಆ ಬಾಗಿಲನ್ನು ಬರುವ ಚೌತಿಯೊಳಗೆ ನಿಲ್ಲಿಸಿ ತೋರಿಸಲಿ, ಉಳಿದ 0.01ನ್ನು ಓಣಿಯವರು ಬಿಟ್ಟುಕೊಡುತ್ತಾರೆ.