ಹಿರಿಯರು ರಾತ್ರಿ ಎಂಟಕ್ಕೆ ಹೋಗುತ್ತಾರೆ

ಈ ವಾರ ನಮ್ಮ ದೊಡ್ಡಪ್ಪ ಸತ್ತಿದ್ದರು. ಗುರುವಾರ ಬೆಳಿಗ್ಗೆ ಆರೂ ನಲವತ್ತರಿಂದ ಮಧ್ಯಾಹ್ನ ಹನ್ನೆರಡರ ತನಕ. ಇದನ್ನು ಬರೆಯುವ ಹೊತ್ತಿಗೆ ಅವರು ನಮ್ಮ ಪಡಸಾಲೆಯಲ್ಲೇ ಕೂತು ಒಗ್ಗರಣೆ ಅವಲಕ್ಕಿ ತಿನ್ನುತ್ತ, ‘ಶೇಂಗಾ ಕಡಿಮಿ ಬಿದ್ದಾವು’ ಅನ್ನುತ್ತಿದ್ದಾರೆ.

ಕಾರಣ ನಮ್ಮವ್ವ. ತಂಗಿಯ ಬಾಣಂತನಕ್ಕೆಂದು ಎರಡು ತಿಂಗಳ ಹಿಂದೆ ನ್ಯೂಜೆರ್ಸಿಗೆ ಹೋದಳು. ಹೋಗುವಾಗ ಲೈನ್ ಬಜಾರಿನ ಪೇಢೆ, ಶೇಂಗಾ ಚಟ್ನಿ, ಅಂಟಿನುಂಡಿ, ಜೋಳದ ಹಿಟ್ಟು ಎಲ್ಲಾ ಒಯ್ದಳು. ಒಯ್ಯಲಾಗದೆ ಬಿಟ್ಟದ್ದು ಎರಡೇ: ಅಪ್ಪ ಮತ್ತು ರಾತ್ರಿ ಎಂಟರ ಸೀರಿಯಲ್. ಎರಡನೆಯದಕ್ಕೆ ಅಳಿಯ ದಾರಿ ಮಾಡಿದ. ಫೋನಿನ ಆ್ಯಪಿಗೆ ರೊಕ್ಕ ಕಟ್ಟಿದ. ರೊಕ್ಕ ಕಟ್ಟಿದವರಿಗೆ ಆ ದಿನದ ಕಂತು ಟಿವಿಗಿಂತ ಮೊದಲು, ನಮ್ಮ ಬೆಳಗಿನ ಆರಕ್ಕೇ ಸಿಗುತ್ತದಂತೆ. ನಮ್ಮ ಬೆಳಗಿನ ಆರೆಂದರೆ ಅಲ್ಲಿ ಹಿಂದಿನ ರಾತ್ರಿ ಎಂಟೂವರೆ. ಹೀಗಾಗಿ ಧಾರವಾಡದ ಮಾಳಮಡ್ಡಿಯಲ್ಲಿ ಅಪ್ಪ ಮಂಗಳವಾರ ರಾತ್ರಿ ನೋಡಬೇಕಾದದ್ದನ್ನು ಅವ್ವ ಸೋಮವಾರ ರಾತ್ರಿಯೇ ನೋಡಿ, ಕಣ್ಣೊರೆಸಿಕೊಂಡು, ಕೂಸಿನ ಕುಂಚಿಗೆ ಮಡಚಿಟ್ಟು ಮಲಗಿರುತ್ತಾಳೆ. ಯಾವ ಜೋಶ್ಯರಿಗೂ ಈ ಸವಲತ್ತಿಲ್ಲ.

ಸೀರಿಯಲ್ಲಿನ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಅವ್ವ ನಿಮ್ಮ ನಂಬರು ಹುಡುಕಿ ಮುಂದಿನ ಕಥೆ ಹೇಳಿಬಿಡುತ್ತಾಳೆ.

ಅವ್ವ ಇರುವಾಗ ಅಪ್ಪ ಈ ಸೀರಿಯಲ್ ನೋಡಿದವರೇ ಅಲ್ಲ. ಅವರದ್ದೇನಿದ್ದರೂ ಚಂದನ ವಾಹಿನಿಯ ‘ಥಟ್ ಅಂತ ಹೇಳಿ’. 2002ರಲ್ಲಿ ಅದು ಶುರುವಾದಾಗಿನಿಂದ, ನಾ. ಸೋಮೇಶ್ವರ ಅವರು ಪ್ರಶ್ನೆ ಮುಗಿಸುವ ಮೊದಲೇ ಅಪ್ಪ ಉತ್ತರ ಹೇಳಬೇಕು. ಅಲ್ಲಿ ಸರಿಯುತ್ತರಕ್ಕೆ ಪುಸ್ತಕದ ಬಹುಮಾನ. ಅಪ್ಪ ಸೋಫಾದ ಮೇಲೆ ಕೂತು ಗೆದ್ದ ಪುಸ್ತಕಗಳನ್ನೆಲ್ಲ ಯಾರಾದರೂ ನಿಜಕ್ಕೂ ಕಳಿಸಿದ್ದರೆ ನಾವು ಮನೆ ಬಿಟ್ಟು ಅಂಗಳದಲ್ಲಿ ಇರಬೇಕಾಗಿತ್ತು. ಅದು ಬಿಟ್ಟರೆ ಒಂದೇ ಒಂದು ಸಲ ಅವರು ಹುಚ್ಚರಂತೆ ಟಿವಿ ನೋಡಿದ್ದು ಬಿಗ್ ಬಾಸ್ ಹನ್ನೊಂದನೆಯ ಆವೃತ್ತಿಯಲ್ಲಿ. ನಡುವೆ ಬಂದು ಸೇರಿಕೊಂಡ ಹನುಮಂತ, ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಚಿಲ್ಲೂರು ಬಡ್ನಿಯವ, 2025ರ ಜನವರಿಯಲ್ಲಿ ಗೆದ್ದಾಗ ಅಪ್ಪ ಓಣಿಗೆಲ್ಲ ಪೇಢೆ ಹಂಚಿದರು. ಅದಕ್ಕೆ ಅವರದೇ ಲೆಕ್ಕವಿತ್ತು: ‘ಟಿವಿಯೊಳಗ ನಮ್ಮ ಮಾತು ಆಡವ್ರು ಒಂದೋ ಅಡಿಗಿಯಂವ, ಇಲ್ಲಾ ಕುಡುಕ. ಗೆದ್ದಂವ ಅಂತ ಒಬ್ಬನ್ನರೆ ನೋಡಿದ್ವೆಲ್ಲೊ.’

ಅಂಥವರು ಅವ್ವ ವಿಮಾನ ಏರಿದ ಮರುದಿನವೇ ರಾತ್ರಿ ಎಂಟಕ್ಕೆ ಅವ್ವನ ಕುರ್ಚಿಯಲ್ಲಿ ಕೂತು ಸೀರಿಯಲ್ ಹಚ್ಚಿದರು. ಯಾಕೆಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಬಯ್ಯುವುದಕ್ಕೆಂದು ನೋಡಲು ಕೂತವರು, ಎರಡು ತಿಂಗಳಲ್ಲಿ ಕಟ್ಟಾ ಅಭಿಮಾನಿಯಾಗಿಬಿಟ್ಟರು. ನಿವೃತ್ತ ಗಣಿತದ ಮಾಸ್ತರರ ಅಭಿಮಾನವಾದ್ದರಿಂದ ಅದೂ ಲೆಕ್ಕದ ರೂಪದಲ್ಲೇ ಹೊರಬೀಳುತ್ತದೆ. ‘ನೂರು ಕೋಟಿ ಆಸ್ತಿ ಅಂತಾರ, ಮನ್ಯಾಗ ಒಂದು ಸಿಸಿಟಿವಿ ಇಲ್ಲ.’ ‘ಜರತಾರಿ ಸೀರಿ ಉಟಗೊಂಡು ಮಲಗ್ತಾಳಲ್ಲ, ಕೆರತ ಬರಂಗಿಲ್ಲೇನು?’ ‘ಒಬ್ಬ ಹೊಸ್ತಿಲಾ ದಾಟಿದ್ರ ಒಂಬತ್ತು ಮಂದೀ ಮಾರಿ ಮೂರ್ಮೂರು ಸಲ ತೋರಸ್ತಾರ. ಇಪ್ಪತ್ತೇಳಾತು.’ ಆದರೆ ಎಂಟಕ್ಕೆ ಐದು ನಿಮಿಷವಿರುವಾಗ ಯಾರಾದರೂ ಬಾಗಿಲು ಬಡಿದರೆ ಅವರ ಮುಖ ನೋಡಬೇಕು.

ಸೋಮವಾರ ಅವ್ವ ಫೋನಿನಲ್ಲಿ, ‘ಇವತ್ತ ಆ ಹುಡುಗಿಗೆ ಪತ್ರ ಸಿಗ್ತದ’ ಅಂದಳು. ಅಪ್ಪ ಸುಮ್ಮನಿದ್ದರು. ಮಂಗಳವಾರ, ‘ಆ ಪತ್ರ ಖೊಟ್ಟಿ ಅದ’ ಅಂದಳು. ಅಪ್ಪ ಕೆಮ್ಮಿದರು. ಬುಧವಾರ, ‘ಬರದಾಂವ ಯಾರು ಗೊತ್ತೇನು’ ಅನ್ನುತ್ತಲೇ ಅಪ್ಪ ಎದ್ದು ನಿಂತು, ‘ನೀ ಬಾಣಂತನಕ್ಕ ಹೋಗೀಯೋ ಭವಿಷ್ಯ ಹೇಳಾಕ ಹೋಗೀಯೋ?’ ಎಂದು ಕೂಗಿದ್ದು ಪಕ್ಕದ ಮನೆಯವರಿಗೆ ಕೇಳಿತು. ಅವ್ವನ ಬಳಿ ಉತ್ತರ ತಯಾರಿತ್ತು. ‘1987ರಾಗ ರಾಮಾಯಣ ನೋಡಿದ್ವಿ. ಕಡೀಕ ಏನಾಗ್ತದಂತ ಇಡೀ ಓಣಿಗೆ ಗೊತ್ತಿತ್ತು. ಯಾರರೆ ಸಿಟ್ಟಾಗಿದ್ರೇನು? ಮತ್ತ ನೀವು? ಇಪ್ಪತ್ತು ವರ್ಷ ನಾ ಬಾಯಿ ತಗೀಯೋದ್ರೊಳಗ ಥಟ್ ಅಂತ ಉತ್ತರಾ ಹೇಳಿದ್ರಿ. ನಾ ಏನರೆ ಅಂದೆನೇನು?’

ಇದಕ್ಕೆ ಉತ್ತರ ಅಪ್ಪನಿಗೆ ಥಟ್ ಅಂತ ಹೊಳೆಯಲಿಲ್ಲ. ಫೋನ್ ಇಟ್ಟರು. ಮನೆಮಂದಿಯ ವಾಟ್ಸಾಪ್ ಗುಂಪಿನಿಂದಲೂ ಹೊರಬಿದ್ದರು.

ಇಲ್ಲಿಂದ ದೊಡ್ಡಪ್ಪನ ಸಾವು ಶುರು. ಗುರುವಾರ ಬೆಳಿಗ್ಗೆ ಅವ್ವ ಅದೇ ಗುಂಪಿಗೆ ದನಿಯಲ್ಲೊಂದು ಸಂದೇಶ ಹಾಕಿದಳು. ಆಗತಾನೆ ಕಂತು ನೋಡಿ ಮುಗಿಸಿದ್ದರಿಂದ ಗಂಟಲು ಕಟ್ಟಿತ್ತು. ಹಿಂದೆ ಕೂಸು ಅಳುತ್ತಿತ್ತು. ‘ಹೋದ್ರು... ಹಿರಿಯರು ಹೋದ್ರವ್ವಾ. ನನಗಂತೂ ಸಂಕಟ ತಡೀವಲ್ದು. ಅಲ್ಲೆ ರಾತ್ರಿ ಎಂಟಕ್ಕ ಎಲ್ಲಾರಿಗೂ ಗೊತ್ತಾಗ್ತದ. ಆದ್ರ ನಮ್ಮ ಮನ್ಯಾಗಿನವರಿಗೆ ಮಾತ್ರ ಯಾರೂ ಈಗ ಹೇಳಬ್ಯಾಡ್ರಿ. ಮೊದಲ ಸಿಟ್ಟಿನ್ಯಾಗ ಇದ್ದಾರ, ತಡಕೊಳ್ಳಾಂಗಿಲ್ಲ.’

ಸೀರಿಯಲ್ ಎಂಬ ಒಂದು ಶಬ್ದ, ಒಂದೇ ಒಂದು ಶಬ್ದ, ಅದರಲ್ಲಿರಲಿಲ್ಲ. ಸತ್ತವರು ಸೀರಿಯಲ್ಲಿನ ಅಜ್ಜ ಎನ್ನುವುದು ಅವ್ವನಿಗೆ ಎಷ್ಟು ಸ್ಪಷ್ಟವಿತ್ತೆಂದರೆ ಹೇಳುವ ಅಗತ್ಯವೇ ಕಾಣಲಿಲ್ಲ. ಪುಣೆಯ ಕಾಕಾ ಪೂರ್ತಿ ಕೇಳುವ ಮೊದಲೇ ಕೈಮುಗಿದ ಚಿತ್ರ ಹಾಕಿದರು. ಅದನ್ನು ನೋಡಿ ಗದಗಿನವರು ಓಂ ಶಾಂತಿ ಹಾಕಿದರು. ಸೊಲ್ಲಾಪುರದ ಸೊಸೆ ಮರಾಠಿಯಲ್ಲಿ ಶ್ರದ್ಧಾಂಜಲಿ ಹಾಕಿದಳು. ಯಾರಿಗೆ ಅಂತ ಯಾರೂ ಕೇಳಲಿಲ್ಲ. ಕೇಳುವುದು ಚಂದ ಕಾಣುವುದಿಲ್ಲವಲ್ಲ. ಹಿರಿಯರು ಅಂದರೆ ಹುಬ್ಬಳ್ಳಿಯ ದೊಡ್ಡಪ್ಪನೇ, ಎಂಬತ್ತನಾಲ್ಕು, ತಮ್ಮನಿಂದ ಮುಚ್ಚಿಡುತ್ತಿದ್ದಾರೆ, ರಾತ್ರಿ ಎಂಟಕ್ಕೆ ಮಣ್ಣು ಎಂದು ತಂತಮ್ಮಲ್ಲೇ ಲೆಕ್ಕ ಹಾಕಿಕೊಂಡರು. ಅದೇ ಗುಂಪಿನಲ್ಲಿದ್ದ ದೊಡ್ಡಪ್ಪ ಮಾತ್ರ ಸತ್ತದ್ದು ತಾವೆಂದು ಹೇಗೆ ತಿಳಿಯಬೇಕು? ಧಾರವಾಡದ ಕಡೆ ಯಾರೋ ಹಿರಿಯರು ಹೋದರೆಂದುಕೊಂಡು, ಬಿಳಿ ಧೋತರ ಉಟ್ಟು, ತಮ್ಮನಿಗೆ ಸಮಾಧಾನ ಹೇಳಲು ಹೊರಟರು.

ನಮ್ಮ ಅತ್ಯಾ ದುರ್ಗದಬೈಲಿನ ಕಡೆಯಿಂದ ಚಿಗರಿ ಬಸ್ಸು ಹಿಡಿದಿದ್ದಳು. ಅಣ್ಣ ಹೋದ ಅಂತ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದಾಳೆ. ವಿದ್ಯಾನಗರದಲ್ಲಿ ಬಾಗಿಲು ತೆರೆಯಿತು. ಹೆಗಲ ಮೇಲೆ ಟಾವೆಲ್ ಹಾಕಿಕೊಂಡು ಅಣ್ಣನೇ ಹತ್ತಿದರು! ಸೀದಾ ಬಂದು ಪಕ್ಕದಲ್ಲಿ ಕೂತು, ದನಿ ತಗ್ಗಿಸಿ, ‘ಯಾರವ್ವಾ ಹೋದವರು?’ ಅಂದರು. ನೀನೇ ಅಂತ ಹೇಳಲು ಯಾರಿಗೆ ಧೈರ್ಯ ಬಂದೀತು? ‘ಗೊತ್ತಿಲ್ಲಣ್ಣಾ, ಹೋಗಿ ನೋಡೋಣು’ ಅಂದಳಂತೆ. ಉಣಕಲ್ ಬಂತು, ನವನಗರ ಬಂತು, ಅತ್ಯಾ ಅಣ್ಣನ ಮುಂಗೈ ಬಿಡಲೇ ಇಲ್ಲ. ದುಃಖಕ್ಕೆ ಹಿಡಿದಿದ್ದಾಳೆಂದು ದೊಡ್ಡಪ್ಪ ಅಂದುಕೊಂಡಿದ್ದರು. ನಾಡಿ ನೋಡುತ್ತಿದ್ದೆ ಎಂದು ಆಮೇಲೆ ಒಪ್ಪಿಕೊಂಡಳು.

ಹನ್ನೆರಡರ ಹೊತ್ತಿಗೆ ನಮ್ಮ ಮನೆಯಲ್ಲಿ ಒಂಬತ್ತು ಮಂದಿ. ಪಕ್ಕದವರು ಬೇರೆ ಒಂದು ಬುಟ್ಟಿ ರೊಟ್ಟಿ, ಝುಣಕ ತಂದಿದ್ದರು. ಅಪ್ಪ ಎಲ್ಲರ ಮುಖ ನೋಡಿ, ಕೊನೆಗೆ ಅಣ್ಣನ ಮುಖ ನೋಡಿ, ‘ಯಾರು?’ ಅಂದರು. ಎಲ್ಲರೂ ದೊಡ್ಡಪ್ಪನನ್ನು ನೋಡಿದರು. ದೊಡ್ಡಪ್ಪ ತಿರುಗಿ ತಮ್ಮ ಹಿಂದೆ ನೋಡಿದರು. ನಾನು ಸಂದೇಶವನ್ನು ಜೋರಾಗಿ ಹಚ್ಚಿದೆ. ಎರಡನೆಯ ಸಲ ಕೇಳುವಾಗ ಅಪ್ಪನಿಗೆ ತಿಳಿಯಿತು. ಅವರು ಅಂದದ್ದು ಇಷ್ಟೇ: ‘ಅಂದ್ರ ಅಜ್ಜಾ ಇವತ್ತ ಸಾಯ್ತಾನ!’ ಅಣ್ಣ ಬದುಕಿದ ಸಂತೋಷಕ್ಕಿಂತ, ಮತ್ತೊಮ್ಮೆ ಕಥೆ ಒಡೆದ ಸಿಟ್ಟೇ ದೊಡ್ಡದಾಗಿತ್ತು.

ಬಂದವರು ಯಾರೂ ಹೋಗಲಿಲ್ಲ. ಇಷ್ಟೆಲ್ಲ ಆದಮೇಲೆ ಆ ಅಜ್ಜನ ಸಾವು ನೋಡದೆ ಹೋಗುವುದು ಹೇಗೆ? ದೊಡ್ಡಪ್ಪನಂತೂ ಎಲ್ಲರಿಗಿಂತ ಮುಂದೆ ಕೂತರು. ಎಂಟಕ್ಕೆ ಎರಡು ನಿಮಿಷವಿದೆ ಎನ್ನುವಾಗ ಧಾರವಾಡದ ಆಷಾಢದ ಮಳೆ ಧೋ ಎಂದು ಹತ್ತಿತು, ಟಿವಿಯ ಪರದೆ ನೀಲಿಯಾಗಿ ‘ಸಿಗ್ನಲ್ ಇಲ್ಲ’ ಅಂದಿತು. ಮಾಳಿಗೆಯ ಮೇಲಿನದು ಮಳೆಯಲ್ಲಿ ಕೆಲಸಕ್ಕೆ ಬಾರದ ಜಗತ್ತಿನ ಏಕೈಕ ಛತ್ರಿ.

ಮುಂದಿನದು ಗೊತ್ತಿದ್ದವಳು ಒಬ್ಬಳೇ. ಅತ್ಯಾ ಫೋನ್ ಹಚ್ಚಿದಳು. ಅಲ್ಲಿ ಬೆಳಗಿನ ಹತ್ತೂವರೆ, ಅವ್ವ ಕೂಸಿಗೆ ಎರೆದು ಲೋಬಾನ ಹಾಕುತ್ತಿದ್ದಳು. ‘ನಾ ಯಾಕ ಹೇಳ್ಲಿ? ಬೇಕಾದವರು ಕೇಳ್ಲಿ’ ಅಂದಳು. ಫೋನ್ ಕೈಯಿಂದ ಕೈಗೆ ದಾಟಿ ಅಪ್ಪನ ಬಳಿ ಬಂತು. ಅಪ್ಪ ಅದನ್ನು ಬಹಳ ಹೊತ್ತು ಕಿವಿಗೆ ಹಿಡಿದುಕೊಂಡಿದ್ದು, ‘ನಾಷ್ಟಾ ಆತೇನು?’ ಅಂದರು.

‘ಆತು. ಅಲ್ಲೆ ಮಳಿ ಜೋರದ ಏನು? ಸ್ವೆಟರ್ ಅಲಮಾರದಾಗ ಕೆಳಗಿನ ಮನ್ಯಾಗ ಅದ.’

‘ಸಿಕ್ಕದ. ಹಾಕ್ಕೊಂಡೀನಿ.’ ಹಾಕಿಕೊಂಡಿರಲಿಲ್ಲ.

ಆಮೇಲೆ ಅವ್ವ ಹೇಳಿದಳು. ಇಪ್ಪತ್ತೆರಡು ನಿಮಿಷದ ಕಂತನ್ನು ಮುಕ್ಕಾಲು ತಾಸು ಹೇಳಿದಳು, ಸೊಸೆಯ ದನಿ ಬೇರೆ, ಅತ್ತೆಯ ದನಿ ಬೇರೆ, ಗುಡುಗಿನ ಸದ್ದೂ ಅವಳದೇ. ಅಜ್ಜ ಕೈ ಚೆಲ್ಲಿದಲ್ಲಿ ದೊಡ್ಡಪ್ಪ ಟಾವೆಲಿನಿಂದ ಕಣ್ಣೊರೆಸಿಕೊಂಡರು. ಅಪ್ಪ ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ.

‘ಆದ್ರ,’ ಅಂದಳು ಅವ್ವ, ‘ಕಡೀಕ ಬಟ್ಟು ಅಳಗಾಡಿಸಿದಾಂಗ ಆತು ನೋಡ್ರಿ.’

‘ಸತ್ತಿಲ್ಲಾ?’ ದೊಡ್ಡಪ್ಪ ಎದ್ದು ನಿಂತರು.

‘ಅದು ನಿಮ್ಮ ಮುಂಜಾನೆ ಆರಕ್ಕ ಗೊತ್ತಾಗ್ತದ.’

ದೊಡ್ಡಪ್ಪ ಆ ರಾತ್ರಿ ಇಲ್ಲೇ ಉಳಿದರು. ಬೆಳಿಗ್ಗೆ ಆರಕ್ಕೆ ನಾನು ಎದ್ದು ನೋಡಿದರೆ ಅಣ್ಣತಮ್ಮಂದಿರು ಒಂದೇ ಚಾದರ ಹೊದ್ದು ಪಡಸಾಲೆಯಲ್ಲಿ ಕೂತಿದ್ದಾರೆ, ನಡುವೆ ಫೋನು. ‘ಇಷ್ಟ್ಯಾಕ ಸಾವಕಾಶ ನೋಡ್ತೀಯವ್ವಾ,’ ಅನ್ನುತ್ತಿದ್ದರು ಅಪ್ಪ, ‘ಸ್ವಲ್ಪ ಮುಂದ ಓಡಸು.’