ಜೇಬು ನಿಯಮ, ಕೋಟಿ ನಿಯಮ: ಒಂದು ತುಂಡು ಸೈಟಿನ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಆರಂಭದಲ್ಲೇ ಹೇಳಿಬಿಡುವುದು ಸಂಪ್ರದಾಯ. ಪಿಯುಸಿಯಲ್ಲಿ ಸೈನ್ ನಿಯಮ, ಕೊಸೈನ್ ನಿಯಮಗಳನ್ನು ಉರು ಹೊಡೆದು, ಪರೀಕ್ಷೆಯ ಮಾರನೆಯ ದಿನವೇ ಮರೆತು, ಈಗ ಸೈಟು ಕೊಳ್ಳುವ ವಯಸ್ಸಿಗೆ ಬಂದವನೇ ಇದಕ್ಕೆ ಅಧಿಕಾರಿ. ವಿಷಯವೆಂದರೆ, ಮೈಸೂರಿನ ಹೊರವಲಯದ ಒಂದು ಬಡಾವಣೆಯಲ್ಲಿ ಮೂವತ್ತು-ನಲವತ್ತುಗಳನ್ನೆಲ್ಲ ಕತ್ತರಿಸಿ ಹಂಚಿದ ಮೇಲೆ ರವಿಕೆ ಬಟ್ಟೆಯ ಚೂರಿನಂತೆ ಉಳಿದುಹೋದ ಮೂರು ಮೂಲೆಯ ಒಂದು ತುಂಡು. ಸಂಬಂಧ, ಅದನ್ನು ಕೊಂಡವರು ನನಗೆ ಸೋದರಮಾವ. ಪ್ರಯೋಜನ ಮಾವನಿಗಂತೂ ಆಗಲಿಲ್ಲ, ಲೋಕಕ್ಕಾದರೂ ಆಗಲಿ.

ಮೊದಲು ಪದವಿಚಾರ. ಕ್ರಿ.ಶ. 499ರ ಹೊತ್ತಿಗೆ ಆರ್ಯಭಟ ಬಳಸಿದ ಮಾತು ಜ್ಯಾ, ಅಂದರೆ ಬಿಲ್ಲಿನ ಹೆದೆ. ವೃತ್ತದ ಕಂಸವೇ ಬಿಲ್ಲು, ಅದರ ಎರಡು ತುದಿಗೆ ಬಿಗಿದ ಗೆರೆಯೇ ಹೆದೆ. ಲೆಕ್ಕಕ್ಕೆ ಬೇಕಾದದ್ದು ಅದರಲ್ಲಿ ಅರ್ಧ. ಜ್ಯಾಕ್ಕೆ ಜೀವಾ ಎಂಬ ಹೆಸರೂ ಉಂಟು. ಅರಬರು ಅದನ್ನು ಹಾಗೇ ಎತ್ತಿಕೊಂಡು 'ಜೀಬ' ಮಾಡಿದರು. ಅವರ ಭಾಷೆಯಲ್ಲಿ ಅದಕ್ಕೆ ಅರ್ಥವಿಲ್ಲ. ಬರವಣಿಗೆಯಲ್ಲಿ ಸ್ವರಚಿಹ್ನೆ ಹಾಕುವ ರೂಢಿಯೂ ಇಲ್ಲ. ಹೀಗಾಗಿ ಮುಂದಿನವರು ಅದನ್ನೇ ತಮಗೆ ಗೊತ್ತಿದ್ದ 'ಜೈಬ್' ಎಂದು ಓದಿಕೊಂಡರು. ಹಾಗೆಂದರೆ ಅಂಗಿಯ ಎದೆಯ ಮಡಿಕೆ. 12ನೆಯ ಶತಮಾನದಲ್ಲಿ ಲ್ಯಾಟಿನ್ನಿಗೆ ಇಳಿಸಿದವರು ನಿಯತ್ತಿನಿಂದ ಮಡಿಕೆಯನ್ನೇ ಅನುವಾದಿಸಿ 'ಸೈನಸ್' ಎಂದರು. ಅದೇ ಜೈಬ್ ಇನ್ನೊಂದು ದಾರಿಯಲ್ಲಿ ಪಾರಸಿಯವರ ಜೊತೆ ಬಂದು ನಮ್ಮ ಅಂಗಿಗೆ ಹೊಲಿದುಕೊಂಡು ಜೇಬು ಆಯಿತು. ಆದ್ದರಿಂದ ಸೈನ್ ನಿಯಮಕ್ಕೆ ಜೇಬು ನಿಯಮ ಎಂಬ ಹೆಸರು ಶಬ್ದಶಾಸ್ತ್ರದ ದೃಷ್ಟಿಯಿಂದ ನಿರ್ದುಷ್ಟ.

ಕೊಸೈನಿಗೆ ನಮ್ಮವರ ಹೆಸರು ಕೋಟಿಜ್ಯಾ. ಕೋಟಿ ಎಂದರೆ ಬಿಲ್ಲಿನ ತುದಿ. ಇಂಗ್ಲಿಷಿನ 'ಕೊ' ನಮ್ಮ ಕೋಟಿಯೇ ಎಂದು ವಾದಿಸಿ ಶಾಲು ಹೊದಿಸಿಕೊಳ್ಳಬಹುದು. ಆದರೆ ಅದು ಪೂರಕ ಕೋನದ ಸೈನ್ ಎಂಬುದನ್ನು ಮೊಟಕು ಮಾಡಿ 1620ರಲ್ಲಿ ಎಡ್ಮಂಡ್ ಗಂಟರ್ ಎಂಬಾತ ಬರೆದದ್ದು. ಶಾಲಿನ ಆಸೆ ಬಿಟ್ಟೆ. ಆದರೂ ಸೈಟಿನ ಮಾತಿನಲ್ಲಿ ಒಂದು ಕಡೆ ಜೇಬು, ಇನ್ನೊಂದು ಕಡೆ ಕೋಟಿ ಕಾಣಿಸಿಕೊಂಡರೆ ಅದನ್ನು ಕಾಕತಾಳೀಯ ಎನ್ನಲು ಮನಸ್ಸು ಬರುವುದಿಲ್ಲ.

ಇನ್ನು ಪ್ರಕೃತಕ್ಕೆ. ಮಾವನಿಗೆ ಮಾರಿದವರು ಕೊಟ್ಟ ಕೈನಕ್ಷೆಯಲ್ಲಿ ಇದ್ದದ್ದು ಮೂರೇ ಸಂಗತಿ. ಲೈಟು ಕಂಬದ ಹತ್ತಿರದ ಮೂಲೆ 30 ಡಿಗ್ರಿ. ಕಂಬದಿಂದ ತೆಂಗಿನ ಮರಕ್ಕೆ 40 ಅಡಿ. ಮರದಿಂದ ರಸ್ತೆಯಂಚಿಗೆ 25 ಅಡಿ. ರಸ್ತೆಯ ಕಡೆ ಎಷ್ಟು ಅಗಲ ಎಂಬುದನ್ನು ಯಾರೂ ಬರೆದಿರಲಿಲ್ಲ. ಚಕ್ಕುಬಂದಿಯಲ್ಲಿ 'ಪೂರ್ವಕ್ಕೆ ರಸ್ತೆ' ಎಂದಿತ್ತು, ಅಷ್ಟೆ. (ವಾಸ್ತು ಪಂಡಿತರೊಬ್ಬರನ್ನು ಕೇಳಿದಾಗ ಗೋಮುಖವೋ ವ್ಯಾಘ್ರಮುಖವೋ ಹೇಳಲು ಮೊದಲು ಮುಖ ಬೇಕಲ್ಲ ಎಂದು ಅವರು ದಕ್ಷಿಣೆ ತೆಗೆದುಕೊಂಡು ಎದ್ದರು.)

"ಓದಿದವನು ನೀನು, ಲೆಕ್ಕ ಹಾಕಿ ಹೇಳಯ್ಯ" ಎಂದರು ಮಾವ. ಇಲ್ಲಿಂದ ಪೂರ್ವಪಕ್ಷ ಆರಂಭ. ಸೈನ್ ನಿಯಮದ ತಾತ್ಪರ್ಯ ಸರಳ. ತ್ರಿಭುಜದಲ್ಲಿ ಪ್ರತಿಯೊಂದು ಬಾಹುವೂ ತನ್ನ ಎದುರು ಕೂತ ಕೋನದ ಸೈನಿಗೆ ತಕ್ಕಂತೆಯೇ ಬೆಳೆದಿರುತ್ತದೆ. ಮೂರು ಜೋಡಿಗೂ ಒಂದೇ ಪ್ರಮಾಣ. ಅಂದರೆ 25ನ್ನು 30 ಡಿಗ್ರಿಯ ಸೈನಿನಿಂದ ಭಾಗಿಸಿದರೂ 40ನ್ನು ರಸ್ತೆಯಂಚಿನ ಅಜ್ಞಾತ ಕೋನದ ಸೈನಿನಿಂದ ಭಾಗಿಸಿದರೂ ಉತ್ತರ ಒಂದೇ. 30 ಡಿಗ್ರಿಯ ಸೈನ್ ಅರ್ಧ. ಅಲ್ಲಿಗೆ ಅಜ್ಞಾತ ಕೋನದ ಸೈನ್ 0.8. ಕ್ಯಾಲ್ಕುಲೇಟರಿನ ಗುಂಡಿ ಒತ್ತಿದೆ, 53.13 ಡಿಗ್ರಿ ಎಂದಿತು. ಉಳಿದದ್ದು ನೀರು ಕುಡಿದಷ್ಟು ಸುಲಭ: ರಸ್ತೆಯ ಕಡೆ 49 ಅಡಿ 8 ಇಂಚು, ವಿಸ್ತೀರ್ಣ 496 ಚದರಡಿ. "ತಗೊಳ್ಳಿ ಮಾವ, ಹೆಚ್ಚುಕಡಿಮೆ ಐನೂರು" ಎಂದು ನಕ್ಷೆಯ ಮೇಲೆ ಷರಾ ಬರೆದು ರುಜು ಹಾಕಿದವನು ಈ ಪ್ರಬಂಧಕಾರನೇ. ಮಾವ ಸಾಲ ಮಾಡಿ ಕೊಂಡರು.

ಸಿದ್ಧಾಂತ ಪ್ರತಿಪಾದನೆಯಾದದ್ದು ಆರು ತಿಂಗಳ ಮೇಲೆ, ಪಾಯ ಗುರುತು ಹಾಕುವ ಬೆಳಿಗ್ಗೆ. ಪ್ರತಿಪಾದಕರು ಗಾರೆ ಮೇಸ್ತ್ರಿಗಳು. ಮೂಲೆ ನೋಡಲು ಮೂರು-ನಾಲ್ಕು-ಐದರ ಲೆಕ್ಕ, ಮಟ್ಟ ನೋಡಲು ರಸಮಟ್ಟ, ಇವಿಷ್ಟೇ ಅವರ ವಿದ್ಯಾಭ್ಯಾಸ. ಮೇಸ್ತ್ರಿ ತೆಂಗಿನ ಬುಡಕ್ಕೆ ದಾರ ಕಟ್ಟಿ, 25 ಅಡಿಗೆ ಗಂಟು ಹಾಕಿ, ಗಂಟನ್ನು ಹೆಬ್ಬೆರಳಿಗೆ ಸುತ್ತಿಕೊಂಡು, ಎಳೆದು ಹಿಡಿದು ಕಂಬದ ಕಡೆಯಿಂದ ನಡೆಯತೊಡಗಿದರು. ಗಂಟು ರಸ್ತೆಯಂಚಿನ ಸುಣ್ಣದ ಗೆರೆಯನ್ನು ಒಂದು ಕಡೆ ಮುಟ್ಟಿತು. ಅಲ್ಲಿ ನಿಲ್ಲದೆ ಮೇಸ್ತ್ರಿ ಬಾಗಿಕೊಂಡೇ ಮುಂದುವರಿದರು. ದಾರದ ತುದಿ ಅವರನ್ನು ರಸ್ತೆಯೊಳಕ್ಕೆ ಕರೆದೊಯ್ದಿತು. ಒಂದು ಆಟೋ ಹಾರನ್ ಹೊಡೆದು ನಿಂತಿತು. ಅರ್ಧಚಂದ್ರಾಕಾರವಾಗಿ ಸುತ್ತಿ ಬಂದ ಗಂಟು ಅದೇ ಗೆರೆಯನ್ನು ಇನ್ನೊಂದು ಕಡೆ ಮುಟ್ಟಿತು.

"ಸಾ, ದಾರ ಎರಡು ಕಡೆ ತಾಕ್ತದೆ. ಯಾವ ಕಡೆ ಗೂಟ ಹೊಡೀಲಿ?"

ಈ ಒಂದು ವಾಕ್ಯದಲ್ಲಿ ಅಡಗಿರುವ ಶಾಸ್ತ್ರಾರ್ಥವನ್ನು ಬಿಡಿಸಿ ಹೇಳುವುದೇ ಈ ಪ್ರಬಂಧದ ಉದ್ದೇಶ. ಸೈನ್ ಮುಖ ನೋಡಿ ಮಣೆ ಹಾಕುವುದಿಲ್ಲ. 53.13 ಡಿಗ್ರಿಯ ಕೃಶಾಂಗ ಕೋನಕ್ಕೂ 126.87 ಡಿಗ್ರಿಯ ಹೊಟ್ಟೆ ಬಿಟ್ಟ ಕೋನಕ್ಕೂ ಅದು ಹಾಕುವುದು ಒಂದೇ ಮಣೆ, 0.8. ಎರಡೂ ಕೂಡಿದರೆ 180 ಆಗುವ ಯಾವ ಜೋಡಿ ಬಂದರೂ ಹೀಗೆಯೇ. ಕ್ಯಾಲ್ಕುಲೇಟರು ಸಂಕೋಚದ ಪ್ರಾಣಿ, ಸಣ್ಣದನ್ನು ಮಾತ್ರ ತೋರಿಸಿ ದೊಡ್ಡದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿತ್ತು. ಎರಡನೆಯ ಉತ್ತರದ ಪ್ರಕಾರ ರಸ್ತೆಯ ಕಡೆ 19 ಅಡಿ 8 ಇಂಚು. ವಿಸ್ತೀರ್ಣ 196 ಚದರಡಿ. ಕಾಗದ ಅದೇ, ಅಳತೆ ಅದೇ, ರುಜುವೂ ಅದೇ. ಸೈಟು ಮಾತ್ರ ಎರಡು.

ಆಚಾರ್ಯತ್ರಯರ ಕ್ಷಮೆ ಕೋರಿ ಇಲ್ಲೊಂದು ಸಣ್ಣ ವರ್ಗೀಕರಣ. ಮರದಿಂದ ರಸ್ತೆಗೆ ನೇರ ದೂರ 20 ಅಡಿ. ದಾರ ಸರಿಯಾಗಿ 20 ಅಡಿ ಇದ್ದಿದ್ದರೆ ಗೆರೆಯನ್ನು ಒಂದೇ ಬಿಂದುವಿನಲ್ಲಿ ಸೋಕಿ ಅದ್ವೈತವಾಗುತ್ತಿತ್ತು. ಅದಕ್ಕಿಂತ ಗಿಡ್ಡವಾದರೆ ಗೆರೆ ಮುಟ್ಟುವುದೇ ಇಲ್ಲ, ತ್ರಿಭುಜವೇ ಇಲ್ಲ, ಶೂನ್ಯವಾದ. 20ರಿಂದ 40ರ ನಡುವೆ ಶುದ್ಧ ದ್ವೈತ. 40 ದಾಟಿದರೆ ಎರಡನೆಯ ಸ್ಪರ್ಶಬಿಂದು ಕಂಬದ ಆಚೆ ಪಕ್ಕದವರ ಸೈಟಿನಲ್ಲಿ ಬೀಳುತ್ತದೆ. ಇದ್ದೂ ನಮ್ಮದಲ್ಲ ಎಂಬ ಈ ಸ್ಥಿತಿಗೆ ವಿಶಿಷ್ಟಾದ್ವೈತ ಎನ್ನಬಹುದೇ ಎಂಬ ಬಗ್ಗೆ ಮೇಲುಕೋಟೆಯ ಕಡೆಯ ಗೆಳೆಯರು ನನ್ನೊಡನೆ ಮಾತು ಬಿಟ್ಟಿದ್ದಾರೆ.

ಕೊಸೈನ್ ನಿಯಮ ಮೊದಲೇ ಹಾಕಿದ್ದರೆ ಉಳಿಯುತ್ತಿದ್ದೆವೇ? ಎರಡು ಬಾಹುಗಳ ವರ್ಗ ಕೂಡಿ, ಅವುಗಳ ಗುಣಲಬ್ಧದ ಎರಡರಷ್ಟನ್ನು ನಡುವಿನ ಕೋನದ ಕೊಸೈನಿನಿಂದ ಗುಣಿಸಿ ಕಳೆದರೆ ಮೂರನೆಯ ಬಾಹುವಿನ ವರ್ಗ ಬರುತ್ತದೆ. ನಮ್ಮ ಸೈಟಿಗೆ ಅದು ವರ್ಗಸಮೀಕರಣವಾಗಿ 49.64, 19.64 ಎಂಬ ಎರಡೂ ಉತ್ತರಗಳನ್ನು ಎದುರಿಗೇ ಎಸೆಯುತ್ತದೆ. ಯಾವುದು ನಿಜವೆಂದು ಅದೂ ಹೇಳದು; ಆದರೆ ಮುಚ್ಚಿಡುವುದಿಲ್ಲ. ಕೋಟಿಯ ನಡತೆ ಜೇಬಿನದಕ್ಕಿಂತ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಯಾವುದು ನಿಜವೆಂದು ಹೇಳಿದ್ದು ಟೇಪು. ಮಾರಿದವರು ನೆಟ್ಟಿದ್ದ ಕಲ್ಲು ಹುಲ್ಲಿನಡಿ ಸಿಕ್ಕಿತು, ಕಂಬದಿಂದ 19 ಅಡಿ 8 ಇಂಚಿಗೆ. ಮೂರು ಬಾಹುಗಳೂ ಕೈಗೆ ಬಂದ ಮೇಲೆ ಕೊಸೈನ್ ನಿಯಮಕ್ಕೆ ಅನುಮಾನವೇ ಇಲ್ಲ. ಕಲ್ಲಿನ ಮೂಲೆಯ ಕೊಸೈನ್ ಋಣ 0.6 ಎಂದು ಬಂತು. ಋಣ ಬಂದರೆ ವಿಶಾಲಕೋನವೆಂದೇ ಅರ್ಥ. ಯೂಕ್ಲಿಡನಿಗೆ ಋಣಸಂಖ್ಯೆಯ ಸಹವಾಸವಿರಲಿಲ್ಲ. ಪಾಪ, ಇದೇ ಸಂಗತಿಯನ್ನು ತನ್ನ ಎರಡನೆಯ ಪುಸ್ತಕದ 12 ಮತ್ತು 13ನೆಯ ಪ್ರಮೇಯಗಳಾಗಿ, ವಿಶಾಲಕೋನಕ್ಕೊಂದು ಲಘುಕೋನಕ್ಕೊಂದು ಎಂದು ಬೇರೆ ಬೇರೆ ಹೇಳಬೇಕಾಯಿತು. ನಮ್ಮಲ್ಲಿ ಬ್ರಹ್ಮಗುಪ್ತ 628ರಲ್ಲೇ ಧನ-ಋಣಗಳ ಲೆಕ್ಕಕ್ಕೆ ನಿಯಮ ಕಟ್ಟಿದ್ದ. ಇದನ್ನೆಲ್ಲ ಮಾವನಿಗೆ ಉತ್ಸಾಹದಿಂದ ವಿವರಿಸುತ್ತಿದ್ದೆ.

"ಋಣ ಅಂದೆಯಾ? ಬ್ಯಾಂಕಿನದೋ, ಇದು ಬೇರೆಯೋ?" ಎಂದರು.

ಇಷ್ಟಕ್ಕೂ ಸೈನ್ ನಿಯಮವನ್ನು ಪೂರ್ತಿ ಜರೆಯುವಂತಿಲ್ಲ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನಲ್ಲಿ ಸುಮಾರು ಏಳೂವರೆ ಮೈಲಿಯ ಒಂದೇ ಗೆರೆಯನ್ನು ಸರಪಳಿ ಹಿಡಿದು ಅಳೆದು, ಮುಂದೆ ಬೆಟ್ಟದಿಂದ ಬೆಟ್ಟಕ್ಕೆ ಬರೀ ಕೋನ ನೋಡುತ್ತಾ, ಸೈನ್ ನಿಯಮದಿಂದಲೇ ತ್ರಿಕೋನಕ್ಕೆ ತ್ರಿಕೋನ ಪೋಣಿಸಿಕೊಂಡು ಹೋದ. 1804ರಲ್ಲಿ ಬೆಂಗಳೂರಿನ ಹತ್ತಿರ ಮತ್ತೆ ನೆಲ ಅಳೆದು ತಾಳೆ ನೋಡಿದಾಗ ಬಂದ ವ್ಯತ್ಯಾಸ ಇಂಚುಗಳ ಲೆಕ್ಕದ್ದು. ಅವನ ಗುಟ್ಟಿಷ್ಟೇ: ಒಂದು ಬಾಹುವಿಗೆ ಎರಡು ಕೋನ ಕೇಳುತ್ತಿದ್ದ. ಹಾಗೆ ಕೇಳಿದವನಿಗೆ ದ್ವೈತದ ಕಾಟವಿಲ್ಲ. ಮಾವ ಒಂದೇ ಕೋನಕ್ಕೆ ತೃಪ್ತರಾದರು. ಹಗ್ಗದ ವಿಷಯದಲ್ಲಿ ಮಾತ್ರ ಅವನೂ ನಮ್ಮವನೇ. ಅವನ ಅರ್ಧ ಟನ್ ತೂಕದ ಥಿಯೋಡೊಲೈಟನ್ನು 1808ರಲ್ಲಿ ತಂಜಾವೂರಿನ ಗೋಪುರಕ್ಕೆ ಏರಿಸುವಾಗ ಹಗ್ಗ ಕಿತ್ತು ಅದು ಗೋಡೆಗೆ ಬಡಿದು ಜಖಂ ಆಯಿತು.

ಉಳಿದದ್ದು ದಾರದ ಗಂಟು ತಾಕಿದ ಎರಡು ಬಿಂದುಗಳ ನಡುವಿನ ಜಾಗ. ಅದೂ ತ್ರಿಭುಜವೇ: 25, 25, 30 ಅಡಿ, ಸರಿಯಾಗಿ 300 ಚದರಡಿ, ಒಂದಿಂಚೂ ಮಾವನದಲ್ಲ. ಅದರಲ್ಲಿ ಈಗ ಒಂದು ಕಾಫಿ ಗೂಡಂಗಡಿ ಎದ್ದಿದೆ. ಭಾನುವಾರ ಹೋದಾಗಲೆಲ್ಲ ಮಾವ ನನ್ನನ್ನು ಅಲ್ಲಿಗೇ ಕರೆದೊಯ್ದು, ತಮ್ಮ ಕಲ್ಲಿಗೆ ಬೆನ್ನು ತಾಗಿಸಿ ಕೂತು, "ಒಂದು ಕಾಫಿ, ಬೈ-ಟು" ಎನ್ನುತ್ತಾರೆ. ಅಂಗಡಿಯವನು ಎರಡು ಲೋಟ ಇಡುತ್ತಾನೆ. ಒಂದರಲ್ಲಿ ಯಾವಾಗಲೂ ಸ್ವಲ್ಪ ಜಾಸ್ತಿ ಇರುತ್ತದೆ. ಅದನ್ನು ಮಾವ ಏನೂ ಹೇಳದೆ ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ.